ಬ್ಯಾಚ್ ಪ್ಲಾಂಟೋ, ಕಂಟಿನ್ಯೂಯಸ್ ಪ್ಲಾಂಟೋ? ಆಪರೇಟರ್ ಆಗಬೇಕೆಂದಿರುವವರಿಗೆ

ರಾಸಾಯನಿಕ ಕಾರ್ಖಾನೆಗಳಲ್ಲಿ ಎರಡು ಬಗೆ: ಒಂದೊಂದು ಕಂತಾಗಿ ತಯಾರಿಸುವುದು ಬ್ಯಾಚ್, ನಿಲ್ಲಿಸದೆ ತಯಾರಿಸುತ್ತಲೇ ಇರುವುದು ಕಂಟಿನ್ಯೂಯಸ್. ಎರಡೂ ಕಡೆ ಹುದ್ದೆಯ ಹೆಸರು ಆಪರೇಟರ್ ಎಂದೇ. ಶಿಫ್ಟ್, ಹೆಲ್ಮೆಟ್, ಲಾಗ್‌ಬುಕ್ಕೂ ಅವೇ. ದಿನದ ಕೆಲಸ ಮಾತ್ರ ಬೇರೆ.

ಔಷಧ, ಬಣ್ಣ, ಕೀಟನಾಶಕ ತಯಾರಿಸುವ ಬ್ಯಾಚ್ ಘಟಕಗಳಲ್ಲಿ ಮೈ ದಣಿಯುತ್ತದೆ. ಡ್ರಮ್ ತೂಗಬೇಕು, ಕ್ರಿಯೆ ನಡೆಯುವ ಪಾತ್ರೆಯಾದ ರಿಯಾಕ್ಟರ್‌ಗೆ ಸುರಿಯಬೇಕು, ಸ್ಯಾಂಪಲ್ ತೆಗೆಯಬೇಕು, ಕೊನೆಗೆ ತೊಳೆಯಬೇಕು. ಪುಡಿ ಸುರಿಯುವಾಗ ಹುಟ್ಟುವ ಸ್ಥಿರವಿದ್ಯುತ್ತಿನ ಒಂದು ಕಿಡಿ ಸಾಕು, ದ್ರಾವಕದ ಆವಿ ಹೊತ್ತಿಕೊಳ್ಳಲು. ಅದಕ್ಕೇ ಮೊದಲು ನೈಟ್ರೋಜನ್ ಹಾಯಿಸಿ ಆಮ್ಲಜನಕವನ್ನು ಹೊರದೂಡುವುದು, ಅರ್ಥಿಂಗ್ ಕೊಡುವುದು. ಶಾಖ ಹೊಮ್ಮಿಸುವ ಕ್ರಿಯೆಯಲ್ಲಿ ಆತುರಪಟ್ಟು ರಾಸಾಯನಿಕ ಸೇರಿಸಿದರೆ ರಿಯಾಕ್ಟರನ್ನು ಸುತ್ತುವರಿದ ತಣಿಸುವ ಜಾಕೆಟ್ ಸಾಲದೆ ಕ್ರಿಯೆ ಕೈಮೀರಬಹುದು. ಔಷಧ ಘಟಕವಾದರೆ ಹೆಜ್ಜೆಹೆಜ್ಜೆಗೂ ಸಹಿ; ಬರೆಯಲು ಬೇಸರಪಡುವವರು ಈ ಕಡೆ ಸುಳಿಯದಿರುವುದೇ ಲೇಸು.

ಅಮೋನಿಯಾ, ಪೆಟ್ರೋಕೆಮಿಕಲ್ ಘಟಕಗಳು ತಿಂಗಳುಗಟ್ಟಲೆ ನಿಲ್ಲದೆ ಓಡುತ್ತವೆ. ಅಮೋನಿಯಾ ರೂಪುಗೊಳ್ಳುವ ಕನ್ವರ್ಟರ್ ಒಳಗೆ 400ರಿಂದ 500 ಡಿಗ್ರಿ ಸೆಲ್ಸಿಯಸ್ ಶಾಖ, ಜೊತೆಗೆ ಭಾರೀ ಒತ್ತಡ. ಕಂಟ್ರೋಲ್ ರೂಮಿನಲ್ಲಿ ಒಬ್ಬರು ಡಿಸಿಎಸ್ (ಘಟಕವನ್ನು ನಿಯಂತ್ರಿಸುವ ಕಂಪ್ಯೂಟರ್ ವ್ಯವಸ್ಥೆ) ಪರದೆ ನೋಡುತ್ತಿದ್ದರೆ, ಇನ್ನೊಬ್ಬರು ಫೀಲ್ಡ್‌ನಲ್ಲಿ ಸುತ್ತುತ್ತಾ ಪಂಪಿನ ಸೀಲ್ ಸೋರುತ್ತಿದೆಯೇ, ಬೇರಿಂಗ್ ಸದ್ದು ಬದಲಾಯಿತೇ ಎಂದು ಗಮನಿಸುತ್ತಾರೆ. (ಅನುಭವಸ್ಥರ ಕಿವಿ ಗೇಜ್‌ಗಿಂತ ಮೊದಲೇ ಹೇಳುವುದುಂಟು.) ಎಲ್ಲ ಸರಿಯಿದ್ದಾಗ ಜಡತನವೇ ಶತ್ರು. ಸ್ಟಾರ್ಟ್‌ಅಪ್, ಶಟ್‌ಡೌನ್ ಬಂದರೆ ಮಾತ್ರ ಉಸಿರಾಡಲೂ ಪುರುಸೊತ್ತಿಲ್ಲ.

ಹೊಸಬರಿಗೆ ಬ್ಯಾಚ್ ಘಟಕವೇ ಒಳ್ಳೆಯ ಪಾಠಶಾಲೆ ಎಂದು ನನ್ನೆಣಿಕೆ; ಕ್ರಿಯೆಯ ಆದಿ-ಅಂತ್ಯ ಎರಡೂ ಕಣ್ಣೆದುರೇ ನಡೆಯುತ್ತವೆ. ಯಂತ್ರ, ವಾಲ್ವ್, ಇನ್‌ಸ್ಟ್ರುಮೆಂಟ್ ಇಷ್ಟವಿದ್ದರೆ ಕಂಟಿನ್ಯೂಯಸ್ ಸರಿ. ಎಲ್ಲಿಗೆ ಹೋದರೂ ಸಂದರ್ಶನದಲ್ಲಿ ಶಿಫ್ಟ್ ಹಸ್ತಾಂತರ ಹೇಗೆ ನಡೆಯುತ್ತದೆಂದು ಕೇಳಿ. ಬರೀ ಬಾಯಿಮಾತಿನಲ್ಲಿ ಎಂದರೆ ಬೇರೆ ಕಡೆ ನೋಡಿ.