ಡ್ಯಾಶ್‌ಬೋರ್ಡ್ ಬಿಚ್ಚುತ್ತೇವೆ ಎಂದರು, ಅದರ ಮೇಲಿನ ಸ್ಟಿಕ್ಕರ್ ಹರಿದೇ ಇರಲಿಲ್ಲ

ಕಾರವಾರದ ಕಡೆ ಹಳೆಯ ವ್ಯಾನ್ ರಿಪೇರಿಗೆ ಕೊಡುವವರು ದಯವಿಟ್ಟು ಇದನ್ನು ಓದಿ. ಗ್ಯಾರೇಜಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ವಿಷಯ ದೂರಿನವರೆಗೆ ಹೋಗುವುದಿದೆ. ಹದಿನಾಲ್ಕೂವರೆ ಸಾವಿರ ರೂಪಾಯಿ ಹೋಯಿತು. ಅದೂ ಕೊನೆಕೊಯ್ಲಿನ ಹೊತ್ತಿನಲ್ಲಿ. ಅಡಿಕೆ ತೋಟ ಇದ್ದವರಿಗೆ ಆ ದಿನಗಳಲ್ಲಿ ಕೈಯಲ್ಲಿ ಎಷ್ಟು ದುಡ್ಡು ಉಳಿದಿರುತ್ತದೆ ಎಂದು ನಾನು ಹೇಳಬೇಕಾಗಿಲ್ಲ.

ನಮ್ಮದು 2012ರ ವ್ಯಾನ್. ಹಿಂದೆ ಎರಡು ಮಂಚ, ಒಂದು ಒಲೆ, ನೀರಿನ ಟಾಕಿ ಕೂರಿಸಿಕೊಂಡು ಮನೆಯಂತೆ ಮಾಡಿಕೊಂಡಿದ್ದೇವೆ. ಅಮ್ಮನಿಗೆ ಹಿಂದೆ ಕುಳಿತರೆ ವಾಂತಿ, ಹಾಗಾಗಿ ಎಡಗಡೆಯ ಮುಂದಿನ ಸೀಟು ಯಾವಾಗಲೂ ಅವಳದೇ. ಶಿರಸಿಯ ಡಿಸೆಂಬರ್ ಬೆಳಗಿನಲ್ಲಿ ಹೊರಟು ದೇವಿಮನೆ ಘಟ್ಟ ಇಳಿಯುವಾಗ ಡ್ಯಾಶ್‌ಬೋರ್ಡಿನ ಅಡಿಯಿಂದ, ಪೆಡಲಿನ ಸಂದಿನಿಂದ, ಗ್ಲೋವ್ ಬಾಕ್ಸಿನ ಹಿಂದಿನಿಂದ ಸುಯ್ಯೆಂದು ಗಾಳಿ ನುಗ್ಗುತ್ತಿತ್ತು. ಕಿಟಕಿ ಎಲ್ಲ ಹಾಕಿಯೇ ಇರುತ್ತಿತ್ತು. ಅಮ್ಮ ಕಾಲಿಗೆ ಕಂಬಳಿ ಸುತ್ತಿಕೊಂಡು, ಅದರ ಮೇಲೆ ಗೋಣಿಚೀಲ ಹೊದ್ದುಕೊಂಡು ಕೂರುತ್ತಿದ್ದಳು. ಎಪ್ಪತ್ತೆಂಟು ವರ್ಷದವಳು. ಅದನ್ನು ನೋಡಲಾಗದೆಯೇ ನಾನು ಆ ಗ್ಯಾರೇಜಿಗೆ ಹೋದದ್ದು.

ಮಾಲೀಕರು ಬಗ್ಗಿ ನೋಡಿದರು. "ಡ್ಯಾಶ್‌ಬೋರ್ಡ್ ಪೂರ್ತಿ ಇಳಿಸಬೇಕು ಹೆಗಡೆಯವರೇ. ಎಂಜಿನ್ ಕಡೆಯ ತಗಡಿನಿಂದ ವೈರು, ಕೇಬಲ್ಲು ಒಳಗೆ ಬರುತ್ತವಲ್ಲ, ಆ ತೂತುಗಳ ರಬ್ಬರ್ ಎಲ್ಲ ಒಣಗಿ ಒಡೆದಿದೆ. ಎಲ್ಲದಕ್ಕೂ ಹೊಸ ಗ್ರೋಮೆಟ್, ಅಂದರೆ ರಬ್ಬರ್ ಬಳೆ. ಸ್ಟೀರಿಂಗ್ ಬುಡದ ರಬ್ಬರ್ ಹೊಸದು. ಹೊರಗಾಳಿಯನ್ನು ಒಳಗೆ ಬಿಡುವ ಮುಚ್ಚಳದ ಸ್ಪಂಜು ಪುಡಿಯಾಗಿದೆ, ಅದೂ ಹೊಸದು. ಮೂರು ದಿನ ಬಿಡಿ" ಎಂದರು. ಇದು ಸರಿಯಾದ ಮಾತೇ. ಆ ಕೆಲಸ ಆಗಬೇಕಾದದ್ದೇ ಹಾಗೆ. ಅದಕ್ಕೇ ನಂಬಿದೆ. ಅಂದರೆ ಆ ಮನುಷ್ಯನಿಗೆ ಕೆಲಸ ಗೊತ್ತಿತ್ತು. ಗೊತ್ತಿದ್ದೂ ಮಾಡಲಿಲ್ಲ. ಹೊಟ್ಟೆ ಉರಿಯುವುದು ಅದಕ್ಕೇ.

ಬಿಲ್ ಕೇಳಿದೆ. "ಬಿಲ್ ಬೇಕೆಂದರೆ ಶೇಕಡಾ 18 ಜಿಎಸ್‌ಟಿ ಸೇರುತ್ತದೆ, ಸುಮ್ಮನೆ ಎರಡೂವರೆ ಸಾವಿರ ಏಕೆ ಕಳೆದುಕೊಳ್ಳುತ್ತೀರಿ?" ಎಂದರು. ನಾನು ತಲೆಯಾಡಿಸಿದೆ. ಒಂಬತ್ತು ಸಾವಿರ ಮೊಬೈಲಿನಿಂದ ಹಾಕಿದೆ, ಉಳಿದದ್ದನ್ನು ನಗದು ಕೊಟ್ಟೆ. ಇದನ್ನು ಬರೆಯುವುದಕ್ಕೇ ನಾಚಿಕೆಯಾಗುತ್ತಿದೆ, ಆದರೂ ಬರೆಯುತ್ತಿದ್ದೇನೆ.

ಮೂರನೆಯ ದಿನ ಸಂಜೆ ಗಾಡಿ ತೆಗೆದುಕೊಂಡು ಹೊರಟೆವು. ಒಳಗೆ ಹುಳಿ ಹುಳಿ ವಾಸನೆ, ವಿನಿಗರಿನಂಥದ್ದು. ಗಾಳಿ ಮಾತ್ರ ಇಲ್ಲ. ಖುಷಿಪಟ್ಟೆ, ನಿಜ ಹೇಳುತ್ತೇನೆ, ಕುಮಟಾ ದಾಟುವವರೆಗೂ ಖುಷಿಯಾಗಿಯೇ ಇದ್ದೆ. ಕತಗಾಲದ ಹತ್ತಿರ ಬರುವಾಗ ಮುಂದಿನ ಗಾಜು ಪೂರ್ತಿ ಮಬ್ಬಾಯಿತು. ಬ್ಲೋವರ್ ಹಾಕಿದರೆ ಗಾಳಿಯೇ ಇಲ್ಲ. ಗಾಡಿ ನಿಲ್ಲಿಸಿದೆ. ಅಮ್ಮ ಸೆರಗಿನಿಂದ ಗಾಜು ಒರೆಸುತ್ತಿದ್ದವಳು ಕೈ ನಿಲ್ಲಿಸಿ ಕೇಳಿದಳು: "ತಮ್ಮಾ, ಇದನ್ನೆಲ್ಲ ಬಿಚ್ಚಿದ್ದರೆ ದೇವಿಯ ಪಟ ಹರಿಯಬೇಕಿತ್ತಲ್ಲವೋ?"

2024ರ ಮಾರಿಕಾಂಬಾ ಜಾತ್ರೆಯಲ್ಲಿ ಅವಳು ಕೊಂಡು ತಂದು ಅಂಟಿಸಿದ ಸ್ಟಿಕ್ಕರ್ ಅದು. ಅರ್ಧ ಡ್ಯಾಶ್‌ಬೋರ್ಡಿನ ಮೇಲೆ, ಅರ್ಧ ಬಾಗಿಲ ಪಕ್ಕದ ಕಂಬದ ಮೇಲೆ, ನಡುವಿನ ಸಂದನ್ನು ದಾಟಿ ಅಂಟಿದೆ. ಆ ಸಂದಿನ ಮೇಲೆ ಒಂದು ಗೆರೆ ಸುಕ್ಕು ಬಿಟ್ಟರೆ ಬೇರೇನೂ ಇಲ್ಲ. ಅಂಚಿನಲ್ಲಿ ಎರಡು ಮಳೆಗಾಲದ ಧೂಳು ಹಾಗೆಯೇ ಕಪ್ಪಗೆ ಕೂತಿದೆ. ಟಾರ್ಚ್ ಹಾಕಿ ಸ್ಕ್ರೂಗಳನ್ನು ನೋಡಿದೆ. ಒಂದರ ತಲೆಯ ಮೇಲೂ ಸ್ಕ್ರೂಡ್ರೈವರ್ ತಾಗಿದ ಗುರುತಿಲ್ಲ. ಮೂರು ದಿನ! ಮೂರು ದಿನ ಗಾಡಿಯನ್ನು ಸುಮ್ಮನೆ ನಿಲ್ಲಿಸಿಕೊಂಡಿದ್ದರು. ಆ ಕತ್ತಲಲ್ಲಿ ರಸ್ತೆ ಬದಿಗೆ ನಿಂತು ನನ್ನ ಮೈಯೆಲ್ಲ ಬಿಸಿಯಾಯಿತು.

ಅಲ್ಲಿಂದಲೇ ಫೋನ್ ಮಾಡಿದೆ. "ಬಿಚ್ಚುವ ಅವಶ್ಯಕತೆ ಬರಲಿಲ್ಲ, ಬಿಚ್ಚದೇ ಮಾಡಿದ್ದೇ ನಮ್ಮ ಹುಡುಗರ ಕೈಚಳಕ. ಗಾಳಿ ನಿಂತಿದೆಯೋ ಇಲ್ಲವೋ, ಅದನ್ನು ಹೇಳಿ" ಎಂದರು. ಬ್ಲೋವರ್ ಸತ್ತಿದೆ ಎಂದರೆ, "ನಿಮಗೆ ಗಾಳಿ ಬೇಡ ಎಂದವರು ನೀವೇ ಅಲ್ಲವೇ?" ಈ ಮಾತನ್ನು ನಾನು ಮರೆಯುವುದಿಲ್ಲ.

ಮರುದಿನ ಶಿರಸಿಯಲ್ಲಿ ನಮ್ಮ ಪರಿಚಯದ ಎಲೆಕ್ಟ್ರಿಷಿಯನ್ ಕೆಳಗಿನ ಕವರ್ ತೆಗೆದ. ಉಕ್ಕಿ ಹೆಪ್ಪುಗಟ್ಟಿದ ಹಳದಿ ಫೋಮು. ಕಟ್ಟಡದವರು ಬಾಗಿಲ ಚೌಕಟ್ಟಿಗೆ ಹೊಡೆಯುತ್ತಾರಲ್ಲ, ಅದೇ ಡಬ್ಬಿಯದು. ಕೆಳಗಿನಿಂದ ನಳಿಗೆ ತೂರಿಸಿ ಸಿಕ್ಕ ಸಿಕ್ಕಲ್ಲಿ ಹೊಡೆದಿದ್ದಾರೆ. ವೈರುಗಳೆಲ್ಲ ಅದರೊಳಗೆ ಹೂತುಹೋಗಿವೆ. ಹೊರಗಾಳಿಯ ಮುಚ್ಚಳ ತೆರೆಯಲಾಗದಂತೆ ಅಂಟಿಕೊಂಡಿದೆ, ಗಾಜು ಮಬ್ಬಾದದ್ದು ಅದಕ್ಕೆ. ಉಳಿದ ತೂತುಗಳಿಗೆ ಅಗ್ಗದ ಸಿಲಿಕೋನು, ಹುಳಿ ವಾಸನೆ ಅದರದ್ದು. ಆ ಹುಳಿ ತಾಮ್ರದ ತಂತಿಯನ್ನೂ ತಗಡನ್ನೂ ತಿನ್ನುತ್ತದೆ ಎಂದು ಆತ ಹೇಳಿದ. ಹೊಸ ಗ್ರೋಮೆಟ್ ಒಂದು, ಒಂದಾದರೂ ಸಿಗಲಿ ಎಂದು ಹುಡುಕಿದೆವು. ಒಂದೂ ಇಲ್ಲ. ಫೋಮು ಬೆಂಕಿ ಹಿಡಿಯುವ ವಸ್ತು, ಅದರ ಪಕ್ಕದಲ್ಲೇ ಫ್ಯೂಸ್ ಡಬ್ಬಿ. ಹಿಂದೆ ನಾವು ಮಲಗುವ ಗಾಡಿ ಇದು.

ಕೈಗೆ ಸಿಕ್ಕಿದಷ್ಟನ್ನು ಆತ ಕೆರೆದು ತೆಗೆದ. ಸಿಗದ್ದು ಒಳಗೇ ಉಳಿಯಿತು. ಮೃಗಶಿರಾ ಮಳೆ ಹಿಡಿದ ದಿನ ಅದೂ ತಿಳಿಯಿತು. ವೈಪರಿನ ಕೆಳಗಿನ ಜಾಲರಿಯಿಂದ ನೀರು ಇಳಿದುಹೋಗುವ ತೂತಿಗೂ ಫೋಮು ಹೋಗಿತ್ತು. ನೀರು ಅಲ್ಲೇ ನಿಂತು ಒಳಗೆ ಇಳಿಯಿತು. ದೇವಿಮನೆ ಘಟ್ಟದ ತಿರುವಿನಲ್ಲಿ, ಸುರಿಯುವ ಮಳೆಯಲ್ಲಿ, ವೈಪರ್ ನಿಂತಿತು. ಎದುರಿಗೆ ಲಾರಿ. ಪಕ್ಕದಲ್ಲಿ ಅಮ್ಮ. ಏನೂ ಆಗಲಿಲ್ಲ, ದೇವಿಯ ದಯೆ.

ಮತ್ತೆ ಫೋನ್ ಮಾಡಿದಾಗ ಉತ್ತರ: "ನೀವು ಗಾಡಿಯಲ್ಲೇ ಅಡುಗೆ ಮಾಡುತ್ತೀರಿ, ನೀರು ಚೆಲ್ಲಿರಬಹುದು. ಹಳೆಯ ಗಾಡಿ ಹೆಗಡೆಯವರೇ. ಬಿಲ್ ಇದ್ದರೆ ತೆಗೆದುಕೊಂಡು ಬನ್ನಿ, ನೋಡೋಣ." ಬಿಲ್ ಬೇಡ ಎಂದು ಹೇಳಿಕೊಟ್ಟ ಬಾಯಿಯೇ ಬಿಲ್ ಕೇಳುತ್ತದೆ! ಆಮೇಲೆ ಸಂದೇಶ ಕಳಿಸಿದರೆ ಓದುತ್ತಾರೆ, ಉತ್ತರವಿಲ್ಲ.

ಗಾಳಿ ಬರುವ ಗಾಡಿ ಇದ್ದವರು ಮೊದಲು ಮನೆಯಲ್ಲೇ ನೋಡಿಕೊಳ್ಳಿ. ರಾತ್ರಿ ಒಬ್ಬರು ಬಾನೆಟ್ ತೆರೆದು ಟಾರ್ಚ್ ಹಿಡಿಯಲಿ, ಇನ್ನೊಬ್ಬರು ಒಳಗೆ ಕತ್ತಲಲ್ಲಿ ಡ್ಯಾಶ್‌ಬೋರ್ಡಿನ ಅಡಿ ಮಲಗಿ ನೋಡಲಿ. ಬೆಳಕು ಬಂದಲ್ಲಿಂದ ಗಾಳಿಯೂ ಬರುತ್ತದೆ. ಎಂಜಿನ್ನಿನ ಹೊಗೆಯೂ ಅಲ್ಲಿಂದಲೇ ಬರಬಹುದು, ಅದಕ್ಕಾಗಿ ಸುಮ್ಮನೆ ಬಿಡಬೇಡಿ. ಫೋಮು ಹೊಡೆಯಲು ಬಿಡಬೇಡಿ, ಬಿಡಲೇಬೇಡಿ. ಬಿಚ್ಚಿದ ಹಳೆಯ ರಬ್ಬರನ್ನು ಕೈಗೆ ಕೊಡಿ ಎಂದು ಮೊದಲೇ ಹೇಳಿ. ಬಿಲ್ ತೆಗೆದುಕೊಳ್ಳಿ, ಜಿಎಸ್‌ಟಿ ಹೋದರೆ ಹೋಗಲಿ.

ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದ್ದೇನೆ. ಕಾರವಾರದ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಬರೆಯುತ್ತಿದ್ದೇನೆ, ಐದು ಲಕ್ಷದೊಳಗಿನ ವ್ಯವಹಾರಕ್ಕೆ ಅಲ್ಲಿ ಶುಲ್ಕವಿಲ್ಲ. ಒಂಬತ್ತು ಸಾವಿರ ಹಾಕಿದ ದಾಖಲೆ ಮೊಬೈಲಿನಲ್ಲಿದೆ, ಸ್ಟಿಕ್ಕರಿನ ನಾಲ್ಕು ಫೋಟೊಗಳೂ ಇವೆ. ಈಗ ಡ್ಯಾಶ್‌ಬೋರ್ಡನ್ನು ನಿಜವಾಗಿಯೂ ಇಳಿಸಬೇಕು, ಉಳಿದ ಫೋಮು ತೆಗೆಯಲು ಬೇರೆ ದಾರಿ ಇಲ್ಲ. ಮೊನ್ನೆ ಶುಕ್ರವಾರ ಅಮ್ಮನೇ ಬ್ಲೇಡು ತೆಗೆದುಕೊಂಡು, ಕೈ ಮುಗಿದು, ಆ ಸಂದಿನ ಗೆರೆಯ ಮೇಲೆ ಸ್ಟಿಕ್ಕರನ್ನು ಎರಡಾಗಿ ಸೀಳಿಕೊಟ್ಟಳು.