ಹಳೇ ಗೇಮ್ ತಿದ್ದಲು ಎನ್‌ಇಎಸ್ಸೋ, ಗೇಮ್ ಬಾಯೋ?

ಸಾಗರದಿಂದ ಚಿಕ್ಕಮ್ಮನ ಮಗ ಕೇಳಿದ್ದಾನೆ: ಅಸೆಂಬ್ಲಿ (ಪ್ರೊಸೆಸರ್‌ಗೆ ನೇರವಾಗಿ ಆದೇಶ ಕೊಡುವ ಭಾಷೆ) ಕಲಿತು ಹಳೇ ಗೇಮ್ ತಿದ್ದಬೇಕು. ನಿಂಟೆಂಡೊ ಕಂಪನಿಯ ಹಳೇ ಗೇಮ್ ಯಂತ್ರಗಳಾದ ಎನ್‌ಇಎಸ್, ಗೇಮ್ ಬಾಯ್, ಗೇಮ್ ಬಾಯ್ ಅಡ್ವಾನ್ಸ್, ಇವುಗಳಲ್ಲಿ ಯಾವುದು ಹಿಡಿಯಲಿ?

ಖರ್ಚಿನಲ್ಲಿ ಮೂರೂ ಒಂದೇ. ಎಮ್ಯುಲೇಟರ್ (ಕಂಪ್ಯೂಟರಿನಲ್ಲಿ ಆ ಯಂತ್ರದಂತೆ ನಡೆಯುವ ತಂತ್ರಾಂಶ), ಅಸೆಂಬ್ಲರ್ (ಅಸೆಂಬ್ಲಿಯನ್ನು ಯಂತ್ರಕ್ಕೆ ಅರ್ಥವಾಗುವ ಸಂಖ್ಯೆಗಳಾಗಿಸುವ ತಂತ್ರಾಂಶ) ಪುಕ್ಕಟೆ ಸಿಗುತ್ತವೆ, ಹಳೇ ಲ್ಯಾಪ್‌ಟಾಪ್ ಸಾಕು. ಒಮ್ಮೆ ಇಳಿಸಿಕೊಂಡರೆ ಮಳೆಗಾಲದಲ್ಲಿ ವಾರಗಟ್ಟಲೆ ನೆಟ್‌ವರ್ಕ್ ಇಲ್ಲದಿದ್ದರೂ ಕೆಲಸ ನಡೆಯುತ್ತದೆ.

ಬೇಗ ಫಲ ಕಾಣಬೇಕೆಂದರೆ ಎನ್‌ಇಎಸ್. ಅದರಲ್ಲಿರುವುದು 6502 ಬಗೆಯ ಪ್ರೊಸೆಸರ್. ಎ, ಎಕ್ಸ್, ವೈ ಎಂಬ ಮೂರು ರಿಜಿಸ್ಟರ್‌ಗಳಲ್ಲೇ (ಪ್ರೊಸೆಸರ್ ಒಳಗೆ ಸಂಖ್ಯೆ ಇಡುವ ಪುಟ್ಟ ಖಾನೆಗಳು) ಹೆಚ್ಚಿನ ಕೆಲಸ. ಸೂಪರ್ ಮಾರಿಯೋ ಬ್ರದರ್ಸ್‌ನಲ್ಲಿ ಒಂದು ಜೀವ ಕಳೆಯುವ ಡಿಇಸಿ ಆದೇಶವಿದೆ. ಅದರ ಮೊದಲ ಬೈಟ್ ಬದಲಿಸಿ ಎಲ್‌ಡಿಎ (ಸಂಖ್ಯೆಯನ್ನು ಬರೀ ಓದುವ ಆದೇಶ) ಮಾಡಿ, ಜೀವ ಕಡಿಮೆಯಾಗುವುದೇ ಇಲ್ಲ! ಮೊದಲ ವಾರವೇ ಇದನ್ನು ಕಂಡರೆ ಹುರುಪು ಬರುತ್ತೆ, ಅಲ್ವಾ? ಆದರೆ ದೊಡ್ಡ ಗೇಮ್‌ಗಳಲ್ಲಿ ಕಾರ್ಟ್ರಿಜ್‌ಗೊಂದು ಮ್ಯಾಪರ್ (ಗೇಮ್‌ನ ತುಣುಕುಗಳನ್ನು ಬೇಕಾದಾಗ ಬದಲಿಸಿ ಪ್ರೊಸೆಸರ್‌ಗೆ ತೋರಿಸುವ ವ್ಯವಸ್ಥೆ). ಅಲ್ಲಿ ತಾಳ್ಮೆ ಬೇಕು.

ಗೇಮ್ ಬಾಯ್‌ನಲ್ಲಿ ರಿಜಿಸ್ಟರ್ ಜಾಸ್ತಿ, ಬಣ್ಣದ ಗೋಜಿಲ್ಲ. ಪೋಕೆಮಾನ್ ರೆಡ್‌ನ ಕೋಡನ್ನು ಅಭಿಮಾನಿಗಳು ಪೂರ್ತಿ ಬಿಡಿಸಿ, ಪ್ರತಿ ಭಾಗಕ್ಕೂ ಹೆಸರಿಟ್ಟಿದ್ದಾರೆ. ಓದುತ್ತಾ ಕಲಿಯುವವರಿಗೆ ಇದು ಚಿನ್ನ. ನನ್ನ ತಮ್ಮ ಅಂಥವನೇ, ಅವನಿಗೆ ಇದನ್ನೇ ಹೇಳಿದೆ.

2001ರ ಅಡ್ವಾನ್ಸ್‌ನಲ್ಲಿರುವುದು 32 ಬಿಟ್‌ನ ಎಆರ್‌ಎಂ ಪ್ರೊಸೆಸರ್, ಇವತ್ತಿನ ಫೋನ್‌ಗಳ ಕುಲದ್ದೇ. ಕಾಲೇಜಿನಲ್ಲಿ ಸಿ ಪ್ರೋಗ್ರಾಮಿಂಗ್ ಭಾಷೆ ಕಲಿತಿದ್ದರೆ ಇಲ್ಲಿಂದಲೇ ಶುರುಮಾಡಬಹುದು.