ಏಳು ಮನೆಗೊಂದು ಅಂಗಳ: ಬೇಲಾಪುರದ ಬಡಾವಣೆ ಹೇಗಿದೆ?

ನವಿ ಮುಂಬೈನ ಬೇಲಾಪುರದಲ್ಲಿ ಆರ್ಟಿಸ್ಟ್ಸ್ ವಿಲೇಜ್ ಅಂತ ಒಂದು ಬಡಾವಣೆ ಇದೆ. ನವಿ ಮುಂಬೈ ಕಟ್ಟಿದ ಸರ್ಕಾರಿ ಸಂಸ್ಥೆ ಸಿಡ್ಕೊಗಾಗಿ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ 1980ರ ದಶಕದಲ್ಲಿ ವಿನ್ಯಾಸ ಮಾಡಿದ್ದು. ಸುಮಾರು 6 ಹೆಕ್ಟೇರ್ ಜಾಗ, 550ರಷ್ಟು ಮನೆ. ಜನ ಬಾಳಿ ಬದುಕಿ ಸವೆಸಿದ ಜಾಗವಾದ್ದರಿಂದ ಬ್ರೋಷರ್ ನಂಬದೆ ಅಂಕ ಕೊಡಬಹುದು.

ಏಳು ಮನೆ ಸುತ್ತುವರಿದು 8×8 ಮೀಟರಿನ ಒಂದು ಅಂಗಳ. ಅಂಥ ಮೂರು ಗುಂಪು, ಅಂದರೆ 21 ಮನೆ ಸೇರಿದ ಕಡೆ 12×12ರ ಅಂಗಳ. ಅವೂ ಮೂರು ಕೂಡಿದಲ್ಲಿ 20×20ರ ಬಯಲು. ಇದರಲ್ಲಿ ಗೆದ್ದಿರೋದು ಚಿಕ್ಕ ಅಂಗಳದ ಅಳತೆ. 8 ಮೀಟರ್ ಅಂದರೆ 26 ಅಡಿ: ಎದುರು ಬಾಗಿಲಲ್ಲಿ ನಿಂತವರ ಮುಖ ಕಾಣುತ್ತೆ, ದನಿ ಎತ್ತದೆ ಮಾತಾಡಬಹುದು, ಹೊಸಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಲೇ ಆಡೋ ಮಗುವಿನ ಮೇಲೆ ಕಣ್ಣಿಡಬಹುದು. ಹಳೇ ವಠಾರದ ಲೆಕ್ಕವೇ, ಆದರೆ ಎರಡು ಮನೆಗೆ ಒಂದೇ ಗೋಡೆ ಅನ್ನೋದಿಲ್ಲದ ವಠಾರ. ನಮ್ಮಲ್ಲಿ 200 ಫ್ಲ್ಯಾಟಿಗೆ ಒಂದೇ ಲಾನ್ ಕೊಡ್ತಾರೆ. ಅಲ್ಲಿ ಬಿದ್ದ ಚಿಪ್ಸ್ ಕವರನ್ನು ಹೌಸ್‌ಕೀಪಿಂಗಿನವರೇ ಎತ್ತಬೇಕು.

ಸೈಟುಗಳು 45ರಿಂದ 75 ಚದರ ಮೀಟರ್. ನಮ್ಮ 30×40 ಸೈಟೇ 111 ಆಗುತ್ತೆ. ದುಡ್ಡಿದ್ದವರಿಗೂ ಇಲ್ಲದವರಿಗೂ ಜಾಗದಲ್ಲಿ ಭಾರೀ ಅಂತರ ಇಲ್ಲ. ಪ್ರತಿ ಮನೆಯ ಗೋಡೆ ಅದರದ್ದೇ, ಹಾಗಾಗಿ ರೂಮು ಏರಿಸೋಕೆ ಪಕ್ಕದ ಗೋಡೆ ಮುಟ್ಟಬೇಕಿಲ್ಲ.

ಇದೇ ಗುಣ ತಿರುಗುಬಾಣವೂ ಆಯ್ತು. ಇಳಿಜಾರು ಹೆಂಚಿನ ಮೂಲ ಮನೆಗಳನ್ನು ಕೆಡವಿ ಹಲವರು ಆರ್‌ಸಿಸಿ ಮಹಡಿ ಎಬ್ಬಿಸಿದ್ದಾರೆ. 26 ಅಡಿ ಅಂಗಳದ ಸುತ್ತ 30 ಅಡಿ ಎತ್ತರದ ಗೋಡೆ ನಿಂತರೆ ನಡುಹಗಲು ಬಿಟ್ಟು ಬಿಸಿಲೇ ಬೀಳಲ್ಲ. ಮಳೆಗಾಲದಲ್ಲಿ ಪಾಚಿ ಕಟ್ಟುತ್ತೆ. ಇನ್ನೊಂದು ಕೊರತೆ, ಗಾಡಿ. ಮನೆಗೊಂದು ಕಾರು ಬರೋ ಕಾಲಕ್ಕೆ ಮಾಡಿದ ನಕ್ಷೆ ಇದಲ್ಲ.

ಇಂಥದ್ದನ್ನು ನಮ್ಮೂರಲ್ಲಿ ಕಟ್ಟಿಸೋರು ಮೊದಲು ಎತ್ತರದ ಮಿತಿಯನ್ನು ಕ್ರಯಪತ್ರದಲ್ಲೇ ಬರೆಸಿ. ಸಂಘದ ಬೈಲಾಕ್ಕೆ ಬಿಟ್ಟರೆ ಮೊದಲ ಮರುಮಾರಾಟದಲ್ಲೇ ತಕರಾರು ಶುರು. ಒಂದು ಅಂಗಳಕ್ಕೆ ಮನೆ ಏಳರಿಂದ ಹತ್ತರೊಳಗಿರಲಿ, ಮುಂಬಾಗಿಲು ಅಂಗಳಕ್ಕೇ ತೆರೆಯಲಿ, ಎದುರುಬದುರು ಕಿಟಕಿ ನೇರ ಬೀಳದಿರಲಿ. ಪಾರ್ಕಿಂಗ್ ಗುಂಪಿನ ಅಂಚಿನಲ್ಲಿರಲಿ, ಅಲ್ಲಿಂದ ಮನೆಗೆ ದಾರಿ ಅಂಗಳದೊಳಗಿಂದಲೇ. ಬೇಸ್‌ಮೆಂಟಿನಿಂದ ಸೀದಾ ಮನೆಗೆ ಲಿಫ್ಟ್ ಕೊಟ್ಟರೆ ಅಂಗಳಕ್ಕೆ ಕಾಲಿಡೋರೇ ಇರಲ್ಲ. ನೆಲಕ್ಕೆ 100ಕ್ಕೆ 1ರ ಇಳಿಜಾರು, ಕೂರೋ ಕಟ್ಟೆ ಒಂದೂವರೆ ಅಡಿ ಎತ್ತರ. ಮ್ಯಾನ್‌ಹೋಲ್ ಮಾತ್ರ ದಯವಿಟ್ಟು ನಟ್ಟನಡುವೆ ಬೇಡ: ರಂಗೋಲಿ ಬಿಡೋ ಜಾಗ ಅದು.